ನಾಲ್ಕು ಕಡೆ ಬರೆದ ಕೂಸು

ರಾಮಗಿರಿ
೧೮-೭-೨೦೨೫, ಶುಕ್ರವಾರ

ಪ್ರೀತಿಯ ತಂಗಿ ಉಷಾಗೆ,

ನಿನ್ನ ಅಕ್ಕ ರೇಣುಕಾ ಬಾಯ್ತುಂಬ ಹರಸಿ ಬರೆಯುವುದು. ಹಿರಿಯೂರಿನಲ್ಲಿ ನೀನು, ಮಕ್ಕಳು ಹೇಗಿದ್ದೀರಿ? ಆರೋಗ್ಯ ಇಲಾಖೆ ಆಫೀಸಿನ ಕಂಪ್ಯೂಟರ್ ಮುಂದೆ ಕೂತು ಕೂತು ಕತ್ತು ಹಿಡಿದುಕೊಂಡಿದೆ ಎಂದಿದ್ದೆ, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೊಂಡೆಯಾ? ಇಲ್ಲ ಅಂತ ನನಗೆ ಗೊತ್ತು. ಫೋನ್ ಮಾಡಬಹುದಿತ್ತು, ಆದರೆ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀನು ನಾಲ್ಕು ಮಾತು ಬೈಯುತ್ತೀಯ. ಬರೆದರೆ ಪೂರ್ತಿ ಓದಲೇಬೇಕು. ಎಂಟನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಮೊನ್ನೆ ಮಧ್ಯಾಹ್ನ ಉಂಡು ಹಾಗೇ ಕಣ್ಣು ಮುಚ್ಚಿದವಳಿಗೆ ಕೆಟ್ಟ ಕನಸು ಬಿತ್ತು. ಕೂಸಿನ ತೂಕ ನೋಡುವ ಜೋಲಿ ಹಿಡಿದು ನಿಂತಿದ್ದೇನೆ. ಮುಳ್ಳು ಮೂರು ಕೆಜಿ ತೋರಿಸಿತು, ಬರೆದುಕೊಂಡೆ. ಇಳಿಸಿ ನೋಡಿದರೆ ಒಳಗೆ ಕೂಸಿಲ್ಲ, ಬರೀ ಕಾಗದ. ಕೂಸು ಎಲ್ಲೋ ಅಳುತ್ತಿದೆ, ಯಾರ ಮನೆಯಲ್ಲಿ ಅಂತ ತಿಳಿಯುತ್ತಿಲ್ಲ. ಬೆವತು ಎದ್ದು ನಿಮ್ಮ ಭಾವನಿಗೆ ಹೇಳಿದರೆ, "ಮೂರೇ ಕೆಜಿನಾ? ನಿನ್ನ ಬ್ಯಾಗ್ ತೂಗಿ ನೋಡು, ಜಾಸ್ತಿ ಬತ್ತೈತೆ" ಅಂದು ನಕ್ಕರು. ಅವರಿಗೇನು.

ಈ ಕನಸು ಸುಮ್ಮನೆ ಬಿದ್ದದ್ದಲ್ಲ. ನಮ್ಮ ಓಣಿಯ ವೀರಮ್ಮನ ಮಗಳು ದಿವ್ಯಾಳನ್ನು ಹೊಸದುರ್ಗದ ಕಡೆ ಕೊಟ್ಟಿದ್ದಾರಲ್ಲ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಗಂಡು ಕೂಸಾಯಿತು. ಆದರೆ ಅವಳ ಹೆಸರು ಇರುವುದು ನನ್ನ ಲೆಕ್ಕದಲ್ಲಲ್ಲ, ಗಂಡನ ಊರಿನ ಆಶಾ ಕಾರ್ಯಕರ್ತೆಯ ಲೆಕ್ಕದಲ್ಲಿ. ಬಾಣಂತಿ ಮನೆಗೆ ಹೋಗಿ ಬಂದೆ ಅಂತ ತುಂಬುವ ತನಕ ಆಕೆಯ ಫೋನಿನಲ್ಲಿ ಆ ಹೆಸರು ಕೆಂಪಗೇ ಉಳಿಯುತ್ತದೆ. ಕೆಂಪು ಉಳಿದರೆ ಮೀಟಿಂಗಿನಲ್ಲಿ ಎಲ್ಲರ ಎದುರು ಎಬ್ಬಿಸಿ ಕೇಳುತ್ತಾರೆ. ಅವಳು ತಾನೇ ಅಲ್ಲಿಂದ ಇಲ್ಲಿಗೆ ಹೇಗೆ ಬಂದಾಳು? ದಿವ್ಯಾಳ ಅತ್ತೆಯನ್ನು ವಿಚಾರಿಸಿದ್ದಾಳೆ, ಆಯಮ್ಮ "ಚೆನ್ನಾಗವ್ರಂತೆ ಬಿಡು" ಅಂದದ್ದನ್ನೇ ಭೇಟಿ ಅಂತ ತುಂಬಿದ್ದಾಳೆ. ಇತ್ತ ನನ್ನ ಫೋನಿನಲ್ಲಿ ಹುಡುಕಿದರೆ ದಿವ್ಯಾಳ ಹೆಸರಿಗೆ ಭೇಟಿ ಆಗಿದೆ ಅಂತ ಹಸಿರು ಬಂತು. ಆಕೆಯೇ ಬಂದು ನೋಡಿ ಹೋಗಿರಬೇಕು ಎಂದುಕೊಂಡೆ. ಅದೇ ವಾರ ತಿಂಗಳ ವರದಿ ಬೇರೆ. ಫೋನಿಗೆ ಹಾಕಿದ್ದನ್ನು ದಪ್ಪ ಪುಸ್ತಕಕ್ಕೆ, ಪುಸ್ತಕದ್ದನ್ನು ಹಾಳೆಗೆ, ಹಾಳೆಯ ಫೋಟೋ ಹೊಡೆದು ವಾಟ್ಸಾಪಿಗೆ. ತಾಯಿ ಒಂದು ಸಲ ಹೆತ್ತರೆ ನಾವು ನಾಲ್ಕು ಸಲ ಹೆರಬೇಕು.

ಜಗಲಿ ಮೇಲೆ ಹಾಳೆ ಹರಡಿಕೊಂಡು ಕೂತಿದ್ದೆ. ಕೊಡ ಹೊತ್ತು ಹೋಗುತ್ತಿದ್ದ ವೀರಮ್ಮ ನಿಂತು, "ಏನವ್ವ ರೇಣುಕಮ್ಮ, ಬರೆಯಾದು ಮುಗುದ್ರೆ ನಮ್ಮನಿ ಕಡಿಗೂ ಒಂದೀಟು ಬಾ. ನನ್ ಮಗಳೇನು ಬೇರೆ ದೇಶದೋಳಾ?" ಅಂದಳು. ಮೈ ಉರಿಯಿತು, ಆದರೂ ಎದ್ದು ಹೋದೆ. ಬಾಣಂತಿ ಕೋಣೆ ಗೊತ್ತಲ್ಲ, ಗಾಳಿ ಬೆಳಕು ಬಾರದಂತೆ ಕಿಟಕಿಗೆ ಕಂಬಳಿ ಕಟ್ಟಿದ್ದರು. "ಅಳಾದೇ ಇಲ್ಲ ಕಣಕ್ಕ, ಭಾಳ ಒಳ್ಳೆ ಕೂಸು" ಅಂದಳು ದಿವ್ಯಾ. ಕಂಬಳಿ ಸರಿಸಿ ನೋಡುತ್ತೇನೆ, ಕಣ್ಣಿನಿಂದ ಅಂಗಾಲಿನವರೆಗೆ ಅರಿಸಿನ ಬಳಿದ ಹಾಗೆ ಹಳದಿ. ಮೊಲೆ ಬಾಯಿಗಿಟ್ಟರೂ ಚೀಪುತ್ತಿಲ್ಲ. ಜುಂಜೇಶನ ಆಟೋದಲ್ಲಿ ಹೊಳಲ್ಕೆರೆಗೆ ಒಯ್ದೆವು, ಅಲ್ಲಿಂದ ದುರ್ಗದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ನೀಲಿ ದೀಪದ ಕೆಳಗಿಟ್ಟು ಉಳಿಸಿಕೊಂಡರು. ಈಗ ಮನೆಗೆ ಬಂದಿದೆ, ಓಣಿಗೆಲ್ಲ ಕೇಳುವಂತೆ ಅಳುತ್ತದೆ. ಅಳಲಿ.

ಆದರೆ ವೀರಮ್ಮ ಆವತ್ತು ಬೇರೆ ನಲ್ಲಿಗೆ ನೀರಿಗೆ ಹೋಗಿದ್ದಿದ್ದರೆ? ಎರಡು ಊರಿನ ವರದಿಯೂ ಪೂರ್ತಿಯಾಗಿತ್ತು ಉಷಾ. ಕೂಸನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಮಂಗಳವಾರ ಹೊಳಲ್ಕೆರೆಯಲ್ಲಿ ಸಭೆ ಇದೆ. ಯಾವ ಯಾವ ವರದಿ ಸುಮ್ಮನೆ ಹೊರೆಯಾಗಿದೆ ಅಂತ ನೀವೇ ಹೇಳಿ ಎಂದಿದ್ದಾರೆ, ಕೇಳಿಸಿಕೊಳ್ಳಲು ದುರ್ಗದಿಂದ ಒಬ್ಬ ಮೇಡಂ ಬರುತ್ತಾರಂತೆ. ಅದನ್ನೂ ಎರಡು ಪ್ರತಿ ಬರೆದು ತರಬೇಕಂತೆ. ನಿಮ್ಮ ಭಾವ ಅದಕ್ಕೂ ನಕ್ಕರು. ನನ್ನ ಜೊತೆಯ ದೀಪಾ ಮಾತ್ರ, "ಸುಮ್ಕಿರಕ್ಕ, ಬ್ಯಾಡ ಅಂದೋರ ಹೆಸರು ಮೊದ್ಲು ಬರ್ಕಂತಾರೆ" ಅಂತ ಹೆದರಿಸಿದ್ದಾಳೆ. ನನಗೂ ಹೆದರಿಕೆಯೇ. ಈ ಕೆಲಸ ಹೋದರೆ ಇನ್ನೊಂದು ಎಲ್ಲಿದೆ ನನಗೆ? ಆದರೂ ಎದ್ದು ನಿಲ್ಲುತ್ತೇನೆ. ಬಾಣಂತಿ ಯಾವ ಊರಿನಲ್ಲಿ ಮಲಗಿದ್ದಾಳೋ ಆ ಊರಿನವಳೇ ನೋಡಲಿ, ಅವಳೊಬ್ಬಳೇ ಬರೆಯಲಿ, ಗಂಡನ ಊರಿನವಳ ಫೋನಿನಿಂದ ಅಷ್ಟು ದಿನ ಹೆಸರು ತೆಗೆಯಿರಿ. ಫೋನಿಗೆ ಹಾಕಿದ್ದನ್ನು ಮತ್ತೆ ಪುಸ್ತಕಕ್ಕೆ, ಹಾಳೆಗೆ ಇಳಿಸುವುದು ಬೇಡ. ಉಳಿದ ಹೊತ್ತಿನಲ್ಲಿ ನಾಲ್ಕು ಮನೆ ಹೆಚ್ಚು ಹತ್ತಿ ಬರುತ್ತೇವೆ. ಇಷ್ಟನ್ನು ದೇವರ ಮುಂದೆ ನಿಂತು ಹೇಳಿ ಹೇಳಿ ಬಾಯಿಪಾಠ ಮಾಡುತ್ತಿದ್ದೇನೆ. ಬರೆದದ್ದರ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ, ಓದಿ ತಪ್ಪಿದ್ದರೆ ಹೇಳು. ಇಂಥ ಹಾಳೆಗಳೆಲ್ಲ ಕೊನೆಗೆ ಬಂದು ಬೀಳುವುದು ನಿನ್ನಂಥವರ ಮೇಜಿಗೆ, ನಿನಗೆ ತಿಳಿದಷ್ಟು ನನಗೆ ತಿಳಿಯದು. ನಿನ್ನ ಹೆಸರು ಎಲ್ಲೂ ಎತ್ತುವುದಿಲ್ಲ, ಆ ಭಯ ಬೇಡ.

ಮಕ್ಕಳ ತಲೆ ಸವರಿ ನಾನು ಕೇಳಿದೆ ಅಂತ ಹೇಳು. ನಿನ್ನ ಅತ್ತೆಯವರಿಗೆ ಶರಣು. ಕತ್ತು ಜೋಪಾನ.

ಇಂತಿ,
ನಿನ್ನ ಅಕ್ಕ
ರೇಣುಕಾ

ಮರೆತಿದ್ದೆ: ನಿಮ್ಮೂರ ಪಕ್ಕದ ಬಬ್ಬೂರಿಗೆ ಹೊರಟ ನಮ್ಮ ಓಣಿಯ ಕೊಟ್ರೇಶ್ ಬಾಗಿಲಲ್ಲಿ ನಿಂತು ಬಸ್ಸು ಬರುತ್ತೆ ಅಂತ ಅವಸರ ಮಾಡುತ್ತಿದ್ದಾನೆ, ಇವನ ಕೈಲೇ ಕಳಿಸುತ್ತಿದ್ದೇನೆ. ವಾಂತಿಭೇದಿ ಯಾರಿಗೂ ಇಲ್ಲ ಅಂತ ವಾರ ವಾರ ಬರೆದು ಕೊಡುವ ಹಾಳೆ ಇದೆಯಲ್ಲ, ಅದನ್ನೂ ಬೇಡ ಅನ್ನುವುದರಲ್ಲಿ ಸೇರಿಸಿಬಿಟ್ಟಿದ್ದೇನೆ. ಇಲ್ಲ, ಇಲ್ಲ ಅಂತ ಬರೆದು ಬೇಸತ್ತು ಸೇರಿಸಿದೆ, ಈಗ ಮನಸ್ಸು ಒಪ್ಪುತ್ತಿಲ್ಲ. ಯಾವುದಾದರೂ ಊರಿನಿಂದ ಒಂದು ವಾರ "ಇದೆ" ಅಂತ ಬಂದಾಗ ನಿಮ್ಮಲ್ಲಿ ಯಾರಾದರೂ ಅದನ್ನು ನೋಡಿ ಆ ಊರಿಗೆ ಎದ್ದು ಹೋಗಿದ್ದಾರಾ? ಸೋಮವಾರದೊಳಗೆ ನಿಮ್ಮ ಹಳೇ ಕಡತ ಹುಡುಕಿ ನೋಡು. ಒಂದೇ ಒಂದು ಸಲ ಹೋಗಿದ್ದರೂ ಫೋನ್ ಮಾಡಿ ಹೇಳು, ನನ್ನ ಪಟ್ಟಿಯಿಂದ ಆ ಸಾಲು ಹೊಡೆದುಹಾಕುತ್ತೇನೆ, ಆ ಹಾಳೆಯನ್ನು ನಾನು ಬರೆಯುತ್ತಲೇ ಇರುತ್ತೇನೆ.