ತಿದ್ದಿ ಕಳಿಸಿ

ಸಾಗರ
ಶನಿವಾರ, 4 ಅಕ್ಟೋಬರ್ 2025

ಪ್ರೀತಿಯ ತಂಗಿ ಕುಮುದಾ,

ನೀನು, ಶ್ಯಾಮ ಭಾವ, ಲಿಖಿತಾ ಎಲ್ಲರೂ ಹುಷಾರಾಗಿದ್ದೀರೆಂದು ಭಾವಿಸಿದ್ದೇನೆ. ನಿನ್ನ ಅತ್ತೆ ಕನ್ನಮ್ಮನವರ ಮಂಡಿನೋವು ಹೇಗಿದೆ? ತೀರ್ಥಹಳ್ಳಿಯ ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದಾರೋ, ಇಲ್ಲ ಖರ್ಚಾಗಿ ಹೋದೀತೆಂದು ದೇವರ ಗೂಡಿನಲ್ಲಿ ಇಟ್ಟಿದ್ದಾರೋ? ಮೇಳಿಗೆಯಲ್ಲಿ ಮಳೆ ಬಿಟ್ಟಿತೇ? ಇಲ್ಲಿ ನಾವು ಕ್ಷೇಮ. ನಿನ್ನ ಅತ್ತಿಗೆ ಯಶೋಧಾಗೆ ಹಬ್ಬದ ದಿನವೂ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಹಾಗಾಗಿ ಈ ಸಲ ಹೋಳಿಗೆ ನಾನೇ ಮಾಡಿದೆ. ಕಣಕ ಸಮನಾಗಿ ಹರಡಬೇಕೆಂದು ಲಟ್ಟಿಸುತ್ತಾ ಕೂತು, ಊಟದ ಹೊತ್ತಿಗೆ ಎರಡೇ ಆಗಿದ್ದವು. ಇದನ್ನು ನೀನು ನಗಲೆಂದು ಬರೆಯುತ್ತಿದ್ದೇನೆ. ಆದರೆ ಬರೆದ ಮೇಲೆ ನೋಡಿದರೆ ನಾನು ಹೇಳಬೇಕಾದದ್ದೂ ಇದೇ ಜಾತಿಯದು.

ಎರಡು ದಸರೆಯ ಹಿಂದೆ ನೀನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದೆ: “ಅಣ್ಣಯ್ಯ, ನಮ್ ಬುಟ್ಟಿ ಬಳಗದ ಫೋಟೋ ಎಲ್ಲ ಫೋನಲ್ಲೇ ಕೊಚ್ಕೊಂಡ್ ಹೋಗ್ತವೆ. ಗುಡ್ ಮಾರ್ನಿಂಗ್ ರಾಶಿ ಒಳಗೆ ನಮ್ ಬುಟ್ಟಿ ಹುಡ್ಕದೇ ಆಗೋಯ್ತು. ಎಲ್ಲ ಒಂದ್ ಕಡೆ ಉಳಿಯೋ ಹಂಗೆ ಎಂತಾದ್ರೂ ಮಾಡ್ಕೊಡು.” ನೀನು ಕೇಳಿದ್ದು ಅಷ್ಟೇ. ಭೂಮಿ ಹುಣ್ಣಿಮೆಗೆ ಗದ್ದೆಗೆ ಬಯಕೆಯೂಟ ಹೊರುವ ಬುಟ್ಟಿಯ ಚಿತ್ತಾರಕ್ಕೆ ಒಂದು ವರ್ಷದ ಆಯಸ್ಸು. ಮುಂದಿನ ದಸರೆಗೆ ಅದೇ ಬುಟ್ಟಿಗೆ ಮತ್ತೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದರೆ ಹಳೆಯ ಗೆರೆಗಳೆಲ್ಲ ಅಡಿಗೆ ಹೋದವು. ಆಮೇಲೆ ಅದನ್ನು ನೋಡಬೇಕೆಂದರೆ ಫೋಟೋದಲ್ಲೇ ನೋಡಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೀನು ಆ ವಾಟ್ಸ್ಯಾಪ್ ಬಳಗಕ್ಕೆ ಸೇರಿಸಿದ್ದೆ. ಅವರಿಗೆ ಬೇಕಾಗಿದ್ದುದು ಫೋಟೋ ನೇತುಹಾಕಲು ಒಂದು ಮೊಳೆ. ವೆಬ್‌ಸೈಟು ಮಾಡುವುದೇ ನನ್ನ ಕಸುಬಾದ್ದರಿಂದ ನಾನು ಗೋಡೆಯಿಂದಲೇ ಶುರು ಮಾಡಿದೆ.

ಮೊದಲು ಬಣ್ಣ. ಪುಟದ ಹಿನ್ನೆಲೆ ನಮ್ಮ ಕೆಮ್ಮಣ್ಣಿನ ಬಣ್ಣದ್ದೇ ಇರಬೇಕೆಂದು ಇಕ್ಕೇರಿಯ ಗುಡ್ಡದ ಮಣ್ಣನ್ನು ತಂದು ಕಂಪ್ಯೂಟರಿನ ಪಕ್ಕ ಬಟ್ಟಲಲ್ಲಿ ಇಟ್ಟುಕೊಂಡೆ. ನನ್ನ ಪರದೆಯಲ್ಲಿ ಸರಿಯಾದದ್ದು ಯಶೋಧಾಳ ಫೋನಿನಲ್ಲಿ ಟೊಮೇಟೊ ಸಾರಿನ ಹಾಗೆ ಕಾಣುತ್ತಿತ್ತು. ಆಮೇಲೆ ಅಕ್ಷರ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು. ಸಾಲು ಬಿಡಿಸಿದರೆ ಪುಟ ಬೋಳಾಯಿತು, ಕೂಡಿಸಿದರೆ ಉಸಿರುಕಟ್ಟಿತು. ಬೆಳಿಗ್ಗೆ ಚಂದ ಕಂಡದ್ದು ಮಧ್ಯಾಹ್ನದ ಹೊತ್ತಿಗೆ ನಾಚಿಕೆ ಹುಟ್ಟಿಸುತ್ತಿತ್ತು. ನೋಡಿ ಹೇಳೆಂದು ಬಳಗದಲ್ಲಿರುವ ಇಕ್ಕೇರಿ ಕಡೆಯ ಶಿಲ್ಪಶ್ರೀಗೆ ಕಳಿಸಿದರೆ, ಅವಳು ತವರುಮನೆ ಹೊಸನಗರದ ಹತ್ತಿರದ ಹಳ್ಳಿಯಿಂದ ಫೋನು ಮಾಡಿದಳು: “ಸರ್, ಇಲ್ಲಿ ನೆಟ್ ಸಿಗೋದೇ ಗದ್ದೆ ಬೇಲಿ ಹತ್ರ. ನಿಮ್ ಪೇಜು ತೆರ್ಕೊಳ್ಳೋದ್ರೊಳಗೆ ದನ ಒಳಗ್ ನುಗ್ಗಿ ಪೈರು ಮೇಯ್ದು ಹೋಗ್ತವೆ.” ಆ ಮಾತಿಗೆ ನಕ್ಕೆ. ನಕ್ಕು, ಎಲ್ಲವನ್ನೂ ಕಿತ್ತು ಮೊದಲಿನಿಂದ ಕಟ್ಟಿದೆ. ಒಂದು ವರ್ಷ ಹೀಗೆ ಹೋಯಿತು. ಕೆಲಸ ಮುಗಿಸದಿರುವುದಕ್ಕೆ ಇಷ್ಟೊಂದು ದುಡಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಇದರ ಬೇರು ಎಲ್ಲಿದೆ ಎಂದು ಈಚೆಗೆ ಯೋಚಿಸುತ್ತೇನೆ. ಶಿವಮೊಗ್ಗದ ಮೇಳಕ್ಕೆ ನಮ್ಮ ಗುತ್ಯತ್ತೆ ಬರೆದ ಬುಟ್ಟಿಗಳನ್ನು ಇಟ್ಟುಕೊಂಡು ಅವಳು, ನೀನು, ನಾನು ಮೂವರೂ ಹೋಗಿದ್ದೆವಲ್ಲ, ಅಲ್ಲಿ ಕನ್ನಡಕದ ಒಬ್ಬಾಕೆ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಜೊತೆಯವಳಿಗೆ ಹೇಳಿದಳು: “ಸ್ವಲ್ಪ ಒರಟು, ಆದ್ರೂ ಮುದ್ದಾಗಿದೆ ಅಲ್ವಾ?” ಗುತ್ಯತ್ತೆ ಕೂಡಲೇ, “ಹೌದ್ ತಾಯಿ, ಬುಟ್ಟಿ ಮುದ್ದು, ಬರ್ದೋಳು ಒರಟು” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನೀನೂ ನಕ್ಕೆ. ನನಗೆ ಮಾತ್ರ ಆ ‘ಆದ್ರೂ’ ಎಲುಬಿಗೆ ಹತ್ತಿತು. ನಮ್ಮ ಅಜ್ಜ ಗೇಣಿ ಭತ್ತವನ್ನು ಒಡೆಯರ ಮನೆಗೆ ಹೊರುವ ಮೊದಲು ಎರಡೆರಡು ಸಲ ಕೇರಿಸುತ್ತಿದ್ದನಂತೆ, ಜೊಳ್ಳಿದೆ ಎಂಬ ಮಾತು ಬರಬಾರದೆಂದು. ಗದ್ದೆ ನಮ್ಮದಾಗಿ ಎಷ್ಟೋ ಕಾಲವಾಯಿತು. ಆದರೂ ನಾನು ಇನ್ನೂ ಕೇರುತ್ತಲೇ ಇದ್ದೆ. ಅಳೆದು ನೋಡುವವರು ಯಾರೂ ಬಾಗಿಲಲ್ಲಿ ನಿಂತಿರಲಿಲ್ಲ. ಆ ಜಾಗದಲ್ಲಿ ನಾನೇ ಹೋಗಿ ನಿಂತಿದ್ದೆ ಎಂಬುದು ತಡವಾಗಿ ತಿಳಿಯಿತು.

ಕಳೆದ ವರ್ಷದ ವಿಷಯಕ್ಕೆ ಬರುತ್ತೇನೆ. ಸೈಟನ್ನು ಊರಿಗೆಲ್ಲ ತೆರೆಯುವ ಮೊದಲು ಬಳಗದವರಿಗಷ್ಟೇ ತೆರೆದು, ದಸರೆಗೂ ಹುಣ್ಣಿಮೆಗೂ ನಡುವೆ ಬರೆದ ಬುಟ್ಟಿಗಳ ಫೋಟೋ ಹಾಕಿ ಎಂದು ಹೇಳಿದ್ದೆ. ಬಂದ ಫೋಟೋಗಳು ಮೊದಲು ನನ್ನ ಕಣ್ಣಿಗೆ ಬೀಳಬೇಕು, ನಾನು ಒಪ್ಪಿದರೆ ಪುಟ ಸೇರಬೇಕು ಎಂಬ ವ್ಯವಸ್ಥೆ. ಒಪ್ಪದಿದ್ದರೆ ಒತ್ತಲು ಒಂದು ಗುಂಡಿ ಮಾಡಿಕೊಂಡಿದ್ದೆ. ಅದರ ಹೆಸರು ‘ತಿದ್ದಿ ಕಳಿಸಿ’. ಅದನ್ನು ಒತ್ತಿದರೆ ಬರೆದವರಿಗೆ ತಾನಾಗಿ ಒಂದು ಸಂದೇಶ ಹೋಗುತ್ತಿತ್ತು: ‘ತಮ್ಮ ಚಿತ್ತಾರ ತಲುಪಿದೆ. ದಯವಿಟ್ಟು ಕೆಳಗಿನ ದೋಷ ತಿದ್ದಿ ಮತ್ತೆ ಕಳಿಸಿ.’ ನಿನ್ನ ಫೋಟೋ ಬಂತು. ಬೆಳಕು ಸಾಲದು ಎಂದು ಒಮ್ಮೆ ಒತ್ತಿದೆ. ನೀನು ಬೆಳಕಿಗಿಟ್ಟು ತೆಗೆದು ಕಳಿಸಿದೆ. ಆಗ ಬುಟ್ಟಿಯ ಮೇಲೆ ಬರೆದ ಗೊಂಬೆಗಳ ಸಾಲು ಕಣ್ಣಿಗೆ ಬಿತ್ತು. ನಿನ್ನ ಗೊಂಬೆಗಳು ಚಿಕ್ಕಂದಿನಿಂದಲೂ ಹಾಗೆಯೇ. ಎಲ್ಲಿಗೋ ಹೊರಟು ಬಸ್ಸು ತಪ್ಪೀತೆಂದು ಓಡುವವರ ಹಾಗೆ ಎಲ್ಲವೂ ಮುಂದಕ್ಕೆ ಬಾಗಿರುತ್ತವೆ. ಅಮ್ಮ ಇದ್ದಾಗ, “ಎಂತಕ್ಕೇ ಇವ್ರಿಗಿಷ್ಟು ಅವಸರ, ಯಾರ್ ಮನೆ ಊಟಕ್ಕೇ?” ಎಂದು ಕೇಳುತ್ತಿದ್ದಳು. ನಾನು ದೋಷದ ಜಾಗದಲ್ಲಿ ‘ಗೊಂಬೆಗಳು ನೆಟ್ಟಗಿಲ್ಲ’ ಎಂದು ಬರೆದು ಗುಂಡಿ ಒತ್ತಿದೆ. ನನ್ನ ತಂಗಿಗೆ, ‘ತಮ್ಮ ಚಿತ್ತಾರ’ ಎಂದು. ಒತ್ತುವಾಗ ಅದು ನಿನಗೆ ಹೋಗುತ್ತದೆಂದು ಅನ್ನಿಸಲೇ ಇಲ್ಲ. ಒಂದು ಫೋಟೋಕ್ಕೆ ಹೋಗುತ್ತದೆಂದು ಅಷ್ಟೇ ಅನ್ನಿಸಿತ್ತು. ಹುಣ್ಣಿಮೆ ಕಳೆದ ಮೇಲೆ ನಿನ್ನಿಂದ ನೆಟ್ಟಗೆ ನಿಂತ ಗೊಂಬೆಗಳು ಬಂದವು. ಒಪ್ಪಿದೆ. ಆಮೇಲೆ ನೀನು ಬಳಗದಿಂದ ಹೊರಗೆ ಹೋದೆ. ನೆಟ್ ಸಮಸ್ಯೆ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಮೊನ್ನೆ ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮವಿಟ್ಟು ಚೆಂಡುಹೂವು ಹಾಕಿ ಅಂಗಡಿಯಲ್ಲಿ ಕೂತಿದ್ದೆ. ಶಿಲ್ಪಶ್ರೀ ಬಂದಳು. ಅವಳು ಈಗ ಬುಟ್ಟಿ ಬರೆದುಕೊಡುವ ಆರ್ಡರು ಹಿಡಿಯುತ್ತಾಳೆ, ನಿನಗೆ ಗೊತ್ತಿರುವುದೇ. ಪ್ರಸಾದ ತಿನ್ನುತ್ತಾ ಮಾಮೂಲಿಯಾಗಿ ಹೇಳಿದಳು: “ಈ ಸಲ ನಿಮ್ ತಂಗಿನೇ ಆರ್ಡರ್ ಕೊಟ್ಟಿದಾರೆ ಸರ್. ಗೊಂಬೆ ನೆಟ್ಟಗ್ ಬರ್ಲಿ ಮಾರಾಯ್ತಿ, ಅಣ್ಣಯ್ಯ ನೋಡ್ತಾನೆ ಅಂದ್ರು.” ಅವಳು ಹೋದ ಮೇಲೆ ನಿನಗೆ ಫೋನು ಮಾಡಿದೆ, ಲಿಖಿತಾ ಎತ್ತಿಕೊಂಡಳು. ಅವಳಿಂದ ಮಿಕ್ಕದ್ದನ್ನೆಲ್ಲ ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಮಗುವಿಗೆ ಬಯ್ಯಬೇಡ. “ಮಾವ, ನಾ ಹೇಳ್ದೆ ಅಂತ ಗೊತ್ತಾದ್ರೆ ಅಮ್ಮ ನನ್ನ ಸಗಣಿ ಜೊತೆ ಸಾರಿಸ್ತಾಳೆ” ಎಂದಿದ್ದಾಳೆ.

ಹುಣ್ಣಿಮೆಯ ಹಿಂದಿನ ದಿನ ನೀನು ಗೊಂಬೆ ಸಾಲನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆಯಂತೆ. ಮತ್ತೆ ಕೆಮ್ಮಣ್ಣು ಬಳಿದು, ಅದು ಆರದೆ, ಒಲೆಯ ಮುಂದೆ ಹಿಡಿದು ಕೂತೆಯಂತೆ. ಬರೆದೆ, ಸರಿಯಿಲ್ಲವೆಂದು ಒರೆಸಿದೆ, ಮತ್ತೆ ಬರೆದೆ. ಬೆಳಕು ಹರಿಯುವ ಮೊದಲು ಗದ್ದೆಯಲ್ಲಿರಬೇಕಾದ ಬುಟ್ಟಿ ಆಗಲೂ ನಿನ್ನ ಮಡಿಲಲ್ಲಿ ಹಸಿಯಾಗಿತ್ತು. ಮಾಡಿದ ಅಡುಗೆಯೆಲ್ಲ ತಣ್ಣಗಾಗಿ ಕೂತಿತ್ತು. ನೀವು ಗದ್ದೆಗೆ ಇಳಿಯುವಾಗ ಬಿಸಿಲು ಬಿದ್ದು, ಪಕ್ಕದ ಗದ್ದೆಯವರು ಪೂಜೆ ಮುಗಿಸಿ ಎದುರಿಗೆ ಬರುತ್ತಿದ್ದರಂತೆ. ಕನ್ನಮ್ಮನವರು ಎಲ್ಲರ ಎದುರಿಗೇ, “ಭೂಮ್ತಾಯಿಗೆ ಬಯಕೆ ಉಣ್ಸೋ ಹೊತ್ತೇನೇ ಇದು? ಈಗ್ ಹೋಗಿ ಯಾರಿಗ್ ಉಣ್ಸ್ತೀಯ, ಕಾಗೆಗಾ?” ಎಂದರಂತೆ. ನೀನು, ಅಣ್ಣಯ್ಯ ತಿದ್ದು ಅಂದ ಎನ್ನಲಿಲ್ಲವಂತೆ. ಕೈ ನಿಧಾನ ಆಗಿದೆ ಅತ್ತೆ, ಮುಂದಿನ ವರ್ಷದಿಂದ ಬರೆದಿದ್ದನ್ನೇ ತರಿಸೋಣ ಎಂದೆಯಂತೆ.

ಫೋನು ಇಟ್ಟ ಮೇಲೆ ಸೈಟು ತೆರೆದು, ನಾನು ಒಪ್ಪಿದ ಬುಟ್ಟಿಗಳನ್ನೆಲ್ಲ ನೋಡುತ್ತಾ ಹೋದೆ. ಮೊದಲು ಬಂದವುಗಳಲ್ಲಿ ಇದು ಇಂಥವರ ಕೈ ಎಂದು ಹೇಳಬಹುದಿತ್ತು. ಬರಬರುತ್ತಾ ಗೆರೆಗಳು ನೆಟ್ಟಗಾಗಿದ್ದವು. ಕೊನೆಗೆ ಬಂದವುಗಳಲ್ಲಿ, ಫೋಟೋ ದೊಡ್ಡದು ಮಾಡಿದರೆ, ಅಕ್ಕಿಹಿಟ್ಟಿನ ಬಿಳಿಯ ಅಡಿಯಲ್ಲಿ ಪೆನ್ಸಿಲಿನ ಗೀಟು ಕಾಣುತ್ತಿತ್ತು. ಸ್ಕೇಲಿಟ್ಟು ಎಳೆದದ್ದು. ಪುಂಡಿ ನಾರಿನ ಕುಂಚ ಹಿಡಿದು, ಊರ ಸುದ್ದಿ ಮಾತಾಡುತ್ತಾ, ನೋಡದೆಯೇ ಗೆರೆ ಎಳೆಯುತ್ತಿದ್ದವರು ಇವರು. ಯಾರ ಕೈಯನ್ನೂ ನಾನು ಹಿಡಿದಿರಲಿಲ್ಲ. ನನ್ನ ಕಣ್ಣನ್ನು ಅವರಿಗೆ ದಾಟಿಸಿದ್ದೆ. ನಿನ್ನ ಮೊದಲ ಫೋಟೋ, ಆ ಬಾಗಿದ ಗೊಂಬೆಗಳದ್ದು, ಇದೆಯೇ ಎಂದು ಹುಡುಕಿದೆ. ಇಲ್ಲ. ತಿದ್ದಿದ್ದು ಬಂದ ಕೂಡಲೇ ಹಳೆಯದು ಅಳಿದುಹೋಗಲಿ ಎಂದು ಪ್ರೋಗ್ರಾಮಿನಲ್ಲಿ ನಾನೇ ಬರೆದಿಟ್ಟಿದ್ದೆ, ಜಾಗ ಅಚ್ಚುಕಟ್ಟಾಗಿರಲಿ ಎಂದು. ನೀನು ಉಳಿಸಿಕೊಡು ಎಂದು ಕೇಳಿದ್ದೆ. ಬುಟ್ಟಿಯ ಮೇಲೂ ಅದು ಇಲ್ಲ.

ನಿನ್ನೆ ಬಳಗದವರಿಗೆಲ್ಲ ಒಂದು ಮಾತು ಬರೆಯಬೇಕೆಂದು ಕೂತೆ. ತಪ್ಪಾಯಿತು, ಇನ್ನು ಯಾರ ಚಿತ್ತಾರವನ್ನೂ ಯಾರೂ ತಿದ್ದುವುದಿಲ್ಲ ಎಂದು. ಎರಡು ಸಾಲಿನ ವಿಷಯ. ಮಧ್ಯಾಹ್ನವಾದರೂ ಮುಗಿಯಲಿಲ್ಲ. ಊಟಕ್ಕೆ ಕರೆಯಲು ಬಂದ ಯಶೋಧಾ ಹಿಂದೆ ನಿಂತು ನೋಡಿ, “ಎಂತ ಮಾರಾಯ್ರೇ, ಕ್ಷಮೆ ಕೇಳೋಕೂ ಬಾರ್ಡರ್ ಹಾಕ್ತಿದೀರಾ?” ಎಂದಳು. ಹಾಕುತ್ತಿದ್ದೆ, ನಿಜ. ಅದನ್ನು ಅಲ್ಲಿಗೇ ಬಿಟ್ಟೆ. ಗುಂಡಿಯನ್ನು ತೆಗೆದುಹಾಕಿದೆ. ಸೈಟಿನ ಪಾಸ್‌ವರ್ಡನ್ನು ಶಿಲ್ಪಶ್ರೀಗೆ ಕೊಟ್ಟೆ. ಹಾಗೆಯೇ, ಕುಮುದಾಳ ಆರ್ಡರನ್ನು ಬರೆಯಬೇಡ, ಅವಳು ತಾನೇ ಬರೆದುಕೊಳ್ಳಲಿ ಎಂದೂ ಹೇಳಿದೆ. ಅವಳು, “ಅದು ಅವ್ರಿಷ್ಟ ಸರ್. ಅದನ್ನೂ ನೀವೇ ತಿದ್ಬೇಕಾ?” ಎಂದಳು.

ಫೋನಿನಲ್ಲಿ ಹೇಳಿದ್ದರೆ, ನೀನು “ಹೋಗ್ಲಿ ಬಿಡು ಅಣ್ಣಯ್ಯ” ಎಂದು ಅಲ್ಲಿಗೇ ಮುಗಿಸುತ್ತಿದ್ದೆ. ನನಗೆ ಹಗುರವಾಗುತ್ತಿತ್ತು, ನಿನ್ನ ಕೈ ಇದ್ದಲ್ಲೇ ಇರುತ್ತಿತ್ತು. ಅದಕ್ಕೇ ಈ ಕಾಗದ. ಇದಕ್ಕೆ ನೀನು ಏನೂ ಹೇಳಬೇಕಾಗಿಲ್ಲ. ನೀನು ಬರೆಯುವುದನ್ನು ನಿಲ್ಲಿಸಿದ್ದು ನನ್ನಿಂದ ಎಂಬುದನ್ನು ನಾನು ತಿಳಿದಿದ್ದೇನೆ ಎಂದು ನಿನಗೆ ಗೊತ್ತಾದರೆ ಸಾಕು. ಮತ್ತೆ ಶುರು ಮಾಡು ಎಂದು ಹೇಳುವ ಅಧಿಕಾರ ನನಗಿದೆಯೇ ಎಂದು ಯೋಚಿಸಿದೆ. ಇಲ್ಲ ಎನ್ನಿಸಿತು.

ಕನ್ನಮ್ಮನವರಿಗೂ ಶ್ಯಾಮ ಭಾವನಿಗೂ ನನ್ನ ನಮಸ್ಕಾರ ಹೇಳು. ಲಿಖಿತಾಗೆ ಮಾವನ ಮುದ್ದು. ಯಶೋಧಾ ಗುರಿಗೆಕಾಯಿ ಕಟ್ಟಿಕೊಟ್ಟಿದ್ದಾಳೆ, ಚಿತ್ತಾರದ ಹಳದಿ ಬಣ್ಣಕ್ಕೆ ಬೇಕಾದ ಅದು ಅಲ್ಲಿ ಸಿಗುವುದಿಲ್ಲ ಎಂದು ಹಿಂದೊಮ್ಮೆ ನೀನು ಹೇಳಿದ್ದೆಯಂತೆ. ನಿನ್ನ ಮನೆ, ಗದ್ದೆ, ಮಗಳು ಎಲ್ಲವೂ ತುಂಬಿಕೊಂಡಿರಲಿ ಎಂದು ಹರಸುತ್ತೇನೆ.

ನಿನ್ನ ಅಣ್ಣಯ್ಯ,
ದುರ್ಗೇಶ್

ಮರೆತ ಮಾತು: ಯಶೋಧಾಳ ತಮ್ಮ ಉಮೇಶ ಸಾಮಾನಿನ ಗಾಡಿ ತೆಗೆದುಕೊಂಡು ರಿಪ್ಪನ್‌ಪೇಟೆ ಮೇಲೆ ತೀರ್ಥಹಳ್ಳಿಗೆ ಹೊರಟಿದ್ದಾನೆ, ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಶಿಲ್ಪಶ್ರೀ ನಿನ್ನ ಆರ್ಡರಿನ ದೊಡ್ಡದು, ಸಣ್ಣದು ಎರಡೂ ಬುಟ್ಟಿಗಳನ್ನು ಈಗ ತಾನೆ ತಂದು ಗಾಡಿಗೆ ಇಟ್ಟು ಹೋದಳು. ದೊಡ್ಡದನ್ನು ಬಿಚ್ಚಿ ನೋಡಿದೆ. ಗೊಂಬೆಗಳೆಲ್ಲ ನೆಟ್ಟಗಿವೆ, ಒಂದು ತಪ್ಪೂ ಇಲ್ಲ. ಸಣ್ಣ ಬುಟ್ಟಿಗೆ ಮಾತ್ರ ಬರೀ ಕೆಮ್ಮಣ್ಣು ಬಳಿದಿದ್ದಾಳೆ, ಒಂದು ಗೆರೆಯೂ ಇಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ ಗೊತ್ತಿಲ್ಲ. ಫೋನು ಮಾಡಿ ಕೇಳಬೇಕೆಂದು ಕೈಗೆತ್ತಿಕೊಂಡು ಕೆಳಗಿಟ್ಟೆ. ಹಾಗೆಯೇ ಕಳಿಸುತ್ತಿದ್ದೇನೆ. ಮಣ್ಣು ಚೆನ್ನಾಗಿ ಆರಿದೆ. ಹುಣ್ಣಿಮೆಗೆ ಇನ್ನೂ ಹೊತ್ತಿದೆ. ಬರೆದರೆ ಫೋಟೋ ಕಳಿಸಬೇಡ.