ಮೊರದಲ್ಲಿ ಆರಿಸಿದ ಗಿಟಾರ್ ಪೆಡಲ್

ಅಣ್ಣಾ,

ನನ್ನ ಗಿಟಾರ್ ಪೆಡಲ್ ಸದ್ದು ಮಾಡ್ತು! "ಅದು ಸದ್ದು ಮಾಡಿದ್ರೆ ಮೀಸೆ ಬೋಳಿಸ್ಕತೀನಿ ಕಣಮ್ಮಿ" ಅಂದಿದ್ದೆಯಲ್ಲ, ರೇಜರು ಕನ್ನಡಿ ಹತ್ತಿರ ಇಟ್ಟಿದ್ದೀನಿ.

ನೀನು ಚೆಲ್ಲಿ ಕಲಸಿಹಾಕಿದ್ದ ಪೆಡಲ್ ಕಿಟ್ಟಿನ ಚೂರುಗಳನ್ನೆಲ್ಲ ಅಜ್ಜಿ ಮೊರಕ್ಕೆ ಹಾಕ್ಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ, ಅವುಗಳ ಮೈಮೇಲಿನ ಬಣ್ಣದ ಪಟ್ಟೆ ನೋಡಿ ಬೇರೆ ಮಾಡಿತು. ಎಲ್ಲ ಬೆಸೆದು ಗಿಟಾರಿಗೆ ಸಿಕ್ಕಿಸಿದ ಮೇಲೂ ಸದ್ದಿಲ್ಲ. ಅಳುತ್ತಾ ಕೂತೆ. ಅಜ್ಜಿ ಕಿಟ್ಟಿನ ಜೊತೆ ಬಂದಿದ್ದ ಪಟ ನೋಡಿ, ಟ್ರಾನ್ಸಿಸ್ಟರ್ ಅನ್ನೋ ಮೂರು ಕಾಲಿನ ಚೂರಿನ ಮೇಲೆ ಬೆರಳಿಟ್ಟು, "ಪಟದಲ್ಲಿ ಇದ್ರ ಚಪ್ಪಟೆ ಮೊಕ ಈ ಕಡೀಕೈತೆ, ನೀನು ಉಲ್ಟಾ ಕೂರ್ಸಿದ್ದೀಯ ಕಣವ್ವ" ಅಂತು. ಬಿಚ್ಚಿ ತಿರುಗಿಸಿದೆ. ಗಿಟಾರು ಗುಡುಗಿದ ಗುಡುಗಿಗೆ ಪಕ್ಕದ ಮನೆಯವರು ಓಡಿಬಂದ್ರು!

ಸೋಲ್ಡರಿಂಗ್ ಕಡ್ಡಿ ಇನ್ನೂ ಆರಿಲ್ಲ, ಮುಟ್ಟಬೇಡ. ಉಪ್ಸಾರು ಬಿಸಿ ಮಾಡಿ ಅಜ್ಜಿಗೆ ಬಡಿಸು.

ಬುದ್ಧ ಪೂರ್ಣಿಮೆ ಕಾರ್ಯಕ್ರಮಕ್ಕೆ ಗಿಟಾರು ನುಡಿಸೋಕೆ ಹೊಳಲಿಗೆ ಹೊರಟೆ, ಪೆಡಲ್ ಜೊತೆಗೇ. ಸಂಜೆ ಆರು ಗಂಟೆಯೊಳಗೆ ಅಜ್ಜಿಯನ್ನ ಬೈಕಲ್ಲಿ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸು.

ಪೆಡಲ್ ಮುಚ್ಚಳದ ಮೇಲೆ ಕೆಂಪು ನೇಲ್‌ಪಾಲಿಶಲ್ಲಿ ‘ಬೆಳ್ಳಮ್ಮ’ ಅಂತ ಬರೆದಿದ್ದೀನಿ. ಅಜ್ಜಿಗೆ ಓದೋಕೆ ಬರಲ್ಲ, ಅದು ತನ್ನ ಹೆಸರು ಅಂತ ಇನ್ನೂ ಗೊತ್ತಿಲ್ಲ. ಎಲ್ಲರೆದುರು ನೀನೇ ಗಟ್ಟಿಯಾಗಿ ಓದಿ ಹೇಳು, ಮೀಸೆ ಇಲ್ಲದ ಬಾಯಲ್ಲಿ.

ಅರುಂಧತಿ