ಸನ್ಯಾಸಿನಿ ಮಗಳಿಗೆ ಬರೆಯಬಾರದ ಅಡುಗೆ

ಗುನ್ಸಾನ್,
ನವೆಂಬರ್ 21, ಗುರುವಾರ

ನನ್ನ ಯುರಿಮ್‌ಗೆ,

ಸನ್ಯಾಸಿನಿಯರನ್ನು ಕರೆಯುವ ಹಾಗೆ, ನಿನ್ನ ದೀಕ್ಷೆಯ ಹೆಸರಿನಲ್ಲಿ, ಹೇವೊನ್ ಸುನಿಮ್ ಅವರಿಗೆ ಎಂದು ಬರೆಯಬೇಕಿತ್ತು. ಲಕೋಟೆಯ ಮೇಲೆ ಹಾಗೆಯೇ ಬರೆಯುತ್ತೇನೆ, ಹೆದರಬೇಡ. ಒಳಗೆ ಮಾತ್ರ ನಾನಿಟ್ಟ ಹೆಸರಿರಲಿ.

ಚೆನ್ನಾಗಿದ್ದೀಯಾ? ಬೆಟ್ಟದ ಮೇಲಿನ ನಿಮ್ಮ ಮಠದಲ್ಲಿ ಆಗಲೇ ನೀರು ಹೆಪ್ಪುಗಟ್ಟುತ್ತಿರಬೇಕು. ಇಲ್ಲಿ ಬೆಳಿಗ್ಗೆ ಅಂಗಡಿಯ ಷಟರ್ ಮುಟ್ಟಿದರೆ ಬೆರಳು ಅಲ್ಲಿಯೇ ಅಂಟಿಕೊಳ್ಳುತ್ತದೆಯೇನೋ ಅನ್ನುವ ಚಳಿ. ನಿನ್ನ ಪತ್ರ ಸೆಪ್ಟೆಂಬರಿನಲ್ಲಿ, ಚುಸೊಕ್ ಸುಗ್ಗಿ ಹಬ್ಬದ ಹಿಂದಿನ ದಿನ ಬಂದಿತ್ತು. ಈಗ ಪೇಟೆಯ ಹೆಂಗಸರೆಲ್ಲ ಚಳಿಗಾಲದ ಕಿಮ್ಚಿಗೆ ಕೋಸು ಹೊತ್ತು ಓಡಾಡುತ್ತಿದ್ದಾರೆ. ಎರಡು ತಿಂಗಳು ಉತ್ತರವಿಲ್ಲದೆ ನಿನ್ನನ್ನು ಕಾಯಿಸಿದೆ, ಕ್ಷಮಿಸು. ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ನಿನಗೆ ‘ತಾವು, ತಮ್ಮ’ ಎಂದೆಲ್ಲ ಬರೆದಿದ್ದೆ. ಓದಿ ನೋಡಿದರೆ ಕಾರ್ಪೊರೇಷನ್‌ಗೆ ಕೊಟ್ಟ ಅರ್ಜಿಯ ಹಾಗಿತ್ತು. ಎರಡನೆಯದರಲ್ಲಿ ‘ನೀನು’ ಎಂದು ಬರೆದೆ. ಅದರಲ್ಲಿ ಬರೀ ಬೈಗುಳ ತುಂಬಿತ್ತು. ಮೂರನೆಯದು ಏನಾಗಿತ್ತೆಂದು ಕೇಳಬೇಡ.

ಇದನ್ನು ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಕುಳಿತರೆ ಕಾಗದಕ್ಕೆ ಹಂದಿಮಾಂಸದ ವಾಸನೆ ಹತ್ತುತ್ತದೆ. ಹೌದು, ಮನೆಯೆಲ್ಲ ಅದೇ ವಾಸನೆ, ಪರದೆಗಳಿಗೂ ಹತ್ತಿದೆ. ಅದನ್ನೇ ಹೇಳಲು ಹೊರಟಿದ್ದೇನೆ. ನಿಮ್ಮಲ್ಲಿ ದೊಡ್ಡ ಸುನಿಮ್ ಪತ್ರಗಳನ್ನು ಓದಿ ಕೊಡುವ ಪದ್ಧತಿ ಇದ್ದರೆ, ಅವರು ಮುಂದಿನ ಎರಡು ಹಾಳೆ ಬಿಟ್ಟು ಓದಲಿ. ಸನ್ಯಾಸಿನಿಗೆ ಬರೆಯುವ ಸುದ್ದಿಯಲ್ಲ ಇದು. ಆದರೆ ನನ್ನ ಬಳಿ ಬೇರೆ ಸುದ್ದಿ ಇಲ್ಲ, ಮಗಳೇ.

ನೀನು ಬಿಟ್ಟುಹೋದ ಏರ್ ಫ್ರೈಯರ್ ಹೋದ ವರ್ಷದ ಏಪ್ರಿಲ್‌ನಿಂದ ಡಬ್ಬಿಯಲ್ಲೇ ಇತ್ತು. ಅದನ್ನು ಅಂಗಡಿಗೆ ತಂದು ಗೋಡೆಯ ಪಕ್ಕ ಇಟ್ಟು, ಮೇಲೆ ದಾರದ ಉಂಡೆಗಳನ್ನು ಜೋಡಿಸಿದ್ದೆ. ಒಳಗೇನಿದೆ ಎಂದು ನೆನಪಾಗದಿರಲಿ ಅಂತಲೇ ಇರಬೇಕು. ಆದರೆ ಪಕ್ಕದ ಅಂಗಡಿಯಲ್ಲಿ ಪಲ್ಯ, ಉಪ್ಪಿನಕಾಯಿ ಮಾರುವ ಓಕ್‌ಬುನ್‌ಳ ಕಣ್ಣು ನಿನಗೆ ಗೊತ್ತಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ಪ್ಯಾಂಟಿನ ಜಿಪ್ಪು ಹಾಕಿಸಿಕೊಳ್ಳಲು ಬಂದವಳು ಡಬ್ಬಿಯ ಮೇಲಿನ ಚಿತ್ರ ನೋಡಿಬಿಟ್ಟಳು.

“ಅಯ್ಯೋ ಅಕ್ಕ, ಹೊಸಾ ಏರ್ ಫ್ರೈಯರ್ ಮೇಲೆ ದಾರ ಇಟ್ಕೊಂಡು ಕೂತಿದ್ದೀಯಲ್ಲ! ನೀನೇನು ಮ್ಯೂಸಿಯಂ ಇಟ್ಟಿದ್ದೀಯಾ?”

“ನನಗೆ ಅದನ್ನ ಹಚ್ಚೋಕೆ ಬರಲ್ಲ,” ಎಂದೆ.

“ಬಟನ್ ಒತ್ತೋಕೆ ಏನು ಬರ್ಬೇಕು? ಮಗಳು ಕೊಡಿಸಿದ್ದು ಅಲ್ವಾ? ವಿಯೆಟ್ನಾಂನಿಂದ ಫೋನ್ ಮಾಡಿದಾಗ ‘ಅಮ್ಮ, ಅದು ಹೆಂಗೆ ಕೆಲಸ ಮಾಡ್ತಿದೆ’ ಅಂತ ಕೇಳಿದ್ರೆ ಏನಂತೀಯ?”

ಇಲ್ಲಿ ನಿನಗೆ ಒಂದು ವಿಷಯ ಹೇಳಬೇಕು. ನೀನು ಕಂಪನಿಯ ಕೆಲಸದ ಮೇಲೆ ವಿಯೆಟ್ನಾಂಗೆ ಹೋಗಿದ್ದೀ ಎಂದು ಪೇಟೆಗೆಲ್ಲ ಹೇಳಿಬಿಟ್ಟಿದ್ದೆ. ಮೊದಲು ಕೇಳಿದವರಿಗೆ ಬಾಯಿಗೆ ಬಂದದ್ದನ್ನು ಹೇಳಿದೆ, ಆಮೇಲೆ ಅದನ್ನೇ ಸಾಕಬೇಕಾಯಿತು. ಅಲ್ಲಿ ಸೆಖೆಯಂತೆ, ಮಾವಿನಹಣ್ಣು ಸಿಗುತ್ತದಂತೆ ಎಂದೆಲ್ಲ ಸೇರಿಸುತ್ತಾ ಹೋದೆ. ಒಬ್ಬಳೇ ಮಗಳು, ಮೂವತ್ತಮೂರು ವರ್ಷದವಳು, ಒಳ್ಳೆಯ ಕೆಲಸದಲ್ಲಿದ್ದವಳು ತಲೆ ಬೋಳಿಸಿಕೊಂಡು ಬೆಟ್ಟ ಹತ್ತಿದಳು ಎಂದರೆ ಮೊದಲು ಕೇಳುವ ಮಾತು ನನಗೆ ಗೊತ್ತು. ಮನೆಯಲ್ಲಿ ಏನಾಗಿತ್ತು? ತಾಯಿ ಏನು ಮಾಡಿದಳು?

ಅವಳ ಕಾಟಕ್ಕೆ ಡಬ್ಬಿ ಮನೆಗೆ ಹೊತ್ತುಕೊಂಡು ಹೋದೆ. ಆ ಭಾನುವಾರ ಹಂದಿಯ ಪಕ್ಕೆಲುಬು ತಂದೆ. ಕೋಳಿ ತರಬಹುದಿತ್ತು, ಗೆಣಸು ಸುಡಬಹುದಿತ್ತು. ಕಾಲು ಮಾಂಸದಂಗಡಿಯ ಮುಂದೆ ನಿಂತಿತು, ಬಾಯಿ ಪಕ್ಕೆಲುಬು ಎಂದಿತು. ಅಂಗಡಿಯವ ತಾಕ್ ಚಾಕು ಮಸೆಯುತ್ತಾ, “ಏನು ಯುರಿಮ್ ಅಮ್ಮ, ಮಗಳು ಬಂದ್ಲಾ?” ಎಂದ. ನೀನು ಊರಿಗೆ ಬಂದಾಗಲಷ್ಟೇ ನಾನು ಪಕ್ಕೆಲುಬು ಕೊಳ್ಳುತ್ತಿದ್ದದ್ದು ಅವನಿಗೂ ನೆನಪಿದೆ. “ಹೂಂ, ಬರ್ತಾಳೆ,” ಎಂದುಬಿಟ್ಟೆ.

ಇನ್ನೂರು ಡಿಗ್ರಿಗೆ ಇಟ್ಟು ನಲವತ್ತು ನಿಮಿಷ ಬಿಡು ಎಂದಿದ್ದಳು ಓಕ್‌ಬುನ್. ಬಿಟ್ಟೆ. ಹೊರಗೆ ತೆಗೆದಾಗ ಅದು ಚಪ್ಪಲಿಯ ಅಟ್ಟೆಯಾಗಿತ್ತು. ನನ್ನ ಎಡಗಡೆಯ ಕಟ್ಟಿಸಿದ ಹಲ್ಲು ಅದರಲ್ಲೇ ಸಿಕ್ಕಿಕೊಂಡು ಆಚೆ ಬಂತು. ಮರುದಿನ ಅವಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾನು ಹೇಳಿದ್ದು ಕೋಳಿಗೆ ಕಣಕ್ಕ!”

ನಿನಗೆ ಗೊತ್ತಲ್ಲ, ಹಾಳಾದ ಬಟ್ಟೆಯನ್ನು ಹಾಗೆಯೇ ಬಿಟ್ಟು ಮಲಗುವವಳಲ್ಲ ನಾನು. ಮುಂದಿನ ವಾರ ತಾಕ್‌ನನ್ನೇ ಕೇಳಿದೆ. “ಎಲುಬಿನ ಒಳಮಗ್ಗುಲಲ್ಲಿ ತೆಳ್ಳಗೆ ಒಂದು ಪೊರೆ ಇರುತ್ತೆ. ಅದನ್ನ ಕೀಳ್ದೆ ಎಷ್ಟು ಬೇಯಿಸಿದ್ರೂ ಬೆಲ್ಟೇ,” ಎಂದ. ಮನೆಗೆ ಬಂದು ನೋಡಿದೆ, ನಿಜ. ಸೂಜಿಯ ತುದಿಯಿಂದ ಒಂದು ಮೂಲೆ ಎಬ್ಬಿಸಿ ಬಟ್ಟೆಯ ಚೂರಿನಿಂದ ಹಿಡಿದು ಎಳೆದೆ. ಹಳೆಯ ಕೋಟಿನ ಅಸ್ತರು ಬಿಚ್ಚಿದ ಹಾಗೆ ಒಂದೇ ಎಳೆತಕ್ಕೆ ಬಂತು. ನಲವತ್ತು ವರ್ಷ ಬಿಚ್ಚುವ ಕೆಲಸ ಮಾಡಿದ ಕೈ, ಅಲ್ಲವೇ? ಆಮೇಲೆ ಒಂದು ಗಂಟೆ ತಣ್ಣೀರಿನಲ್ಲಿ ನೆನೆಹಾಕಿ ರಕ್ತ ಬಿಡಿಸಿದೆ. ಪೇರ್ ಹಣ್ಣು ತುರಿದು, ಬೆಳ್ಳುಳ್ಳಿ ಜಜ್ಜಿ, ಸೋಯಾ ಸಾಸ್‌ನಲ್ಲಿ ಕಲಸಿ ಮಧ್ಯಾಹ್ನದವರೆಗೆ ಮುಚ್ಚಿಟ್ಟೆ. ಆ ಸಲ ಹಲ್ಲಿಗೆ ಬಗ್ಗಿತು, ಆದರೆ ಅಂಚೆಲ್ಲ ಕಪ್ಪಾಗಿ ಕಹಿ. ಹಣ್ಣಿನ ಸಿಹಿ ಬೇಗ ಸೀಯುತ್ತದೆ.

ಮೂರನೆಯ ವಾರ ಫಾಯಿಲ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಶಾಖ ನೂರ ಅರವತ್ತಕ್ಕೆ ಇಳಿಸಿ ಐವತ್ತು ನಿಮಿಷ ಇಟ್ಟೆ. ಆಮೇಲೆ ಹಾಳೆ ಬಿಚ್ಚಿ ಉಳಿದ ರಸ ಸವರಿ, ಶಾಖ ಏರಿಸಿ ಎಂಟೇ ನಿಮಿಷ. ಎತ್ತಿಕೊಳ್ಳಲು ಹೋದರೆ ಎಲುಬು ಮಾತ್ರ ಕೈಗೆ ಬಂತು, ಮಾಂಸ ತಟ್ಟೆಯಲ್ಲೇ ಉಳಿಯಿತು. ಅಷ್ಟು ಮೆತ್ತಗೆ.

ತಲೆ ಎತ್ತಿ “ನೋಡು” ಎಂದೆ. ಜೋರಾಗಿಯೇ ಅಂದಿದ್ದೆ. ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಒಂಬತ್ತು ತುಂಡು ಇದ್ದವು, ಮೂರು ತಿಂದೆ. ಉಳಿದದ್ದನ್ನು ಡಬ್ಬಿಗೆ ಹಾಕಿ, ತೊಳೆದು, ಒರೆಸಿ, ಟಿವಿ ಹಾಕಿದೆ. ಅದರಲ್ಲೂ ಯಾರೋ ಊಟ ಮಾಡುತ್ತಿದ್ದರು. ಆರಿಸಿದೆ.

ಆಮೇಲೆ ಪ್ರತಿ ವಾರ ಮಾಡತೊಡಗಿದೆ. ಯಾಕೆಂದು ಕೇಳಿದರೆ ನನಗೇ ಗೊತ್ತಿಲ್ಲ. ವಾರವೆಲ್ಲ ಪರರ ಪ್ಯಾಂಟು ಗಿಡ್ಡ ಮಾಡಿ ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಭಾನುವಾರ ಆ ಯಂತ್ರ ಒಂದು ಗಂಟೆ ಗುಂಯ್ ಎನ್ನುತ್ತದೆ, ಯಾರೋ ಒಳಗಿದ್ದಾರೆ ಅನ್ನಿಸುತ್ತದೆ. ಆದರೆ ಪ್ರತಿ ವಾರ ಪಕ್ಕೆಲುಬು ಕೊಂಡರೆ ತಾಕ್ ಸುಮ್ಮನಿರುತ್ತಾನೆಯೇ? “ಮಗಳು ಬಂದು ತಿಂಗಳಾಯ್ತು, ಮುಖಾನೇ ತೋರಿಸ್ಲಿಲ್ಲ,” ಎಂದ ಒಂದು ದಿನ. ಅವಳಿಗೆ ನೆಗಡಿ ಎಂದೆ. ಮುಂದಿನ ವಾರ, “ನನ್ನ ತಂಗಿ ಮಗ ಒಬ್ಬ ಇದಾನೆ, ಬಂದರಿನಲ್ಲಿ ಕ್ರೇನ್ ಓಡಿಸ್ತಾನೆ, ಕುಡಿಯಲ್ಲ. ಒಂದ್ಸಲ ಇಬ್ಬರೂ ಕಾಫಿಗೆ ಕೂತ್ಕೊಳ್ಲಿ,” ಎಂದ. ನಾನು ನಗುತ್ತಾ ಜಾರಿಕೊಂಡೆ.

ಹೋದ ಶನಿವಾರ ಮಾಂಸದಂಗಡಿಗೆ ಹೋದರೆ, ಆ ಹುಡುಗ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಅಲ್ಲೇ ನಿಂತಿದ್ದಾನೆ! ನನಗೆ ತಲೆಬಗ್ಗಿಸಿ ನಮಸ್ಕಾರ ಬೇರೆ ಮಾಡಿದ. ಕಿವಿ ಕೆಂಪಾಗಿದ್ದವು, ಪಾಪ. ಹಿಂದೆ ಮೂವರು ಹೆಂಗಸರು ಸರದಿಯಲ್ಲಿದ್ದರು. ಒಳ್ಳೆಯ ಹುಡುಗನಿಗೆ ಇನ್ನೂ ಒಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ನನ್ನ ಮಗಳು ಬಂದಿಲ್ಲ,” ಎಂದೆ. “ವಿಯೆಟ್ನಾಂಗೂ ಹೋಗಿಲ್ಲ. ಸನ್ಯಾಸ ತಗೊಂಡಿದ್ದಾಳೆ. ಈ ವಸಂತದಲ್ಲಿ ದೀಕ್ಷೆ ಆಯ್ತು.”

ತಾಕ್ ಚಾಕು ಕೆಳಗಿಟ್ಟ. ಕೊನೆಗೆ ಮೆಲ್ಲಗೆ ಕೇಳಿದ, “ಹಾಗಾದ್ರೆ ಇಷ್ಟು ದಿನ ಪಕ್ಕೆಲುಬು ಯಾರಿಗೆ, ಯುರಿಮ್ ಅಮ್ಮ?”

ಕುಹಕವಿರಲಿಲ್ಲ ಆ ದನಿಯಲ್ಲಿ. ನಿಜವಾಗಿ ತಿಳಿಯದೆ ಕೇಳಿದ. “ನನಗೇ,” ಎಂದೆ. ಅವನು ಮತ್ತೇನೂ ಕೇಳದೆ ತೂಕ ಹಾಕಿದ, ಪೊರೆಯನ್ನೂ ತಾನೇ ಕಿತ್ತುಕೊಟ್ಟ. ಕೈಯೆಲ್ಲ ರಕ್ತವಾಗಿದ್ದರಿಂದ ಕೈಮುಗಿಯದೆ ಬರೀ ತಲೆ ಬಗ್ಗಿಸಿದ. ಅದು ನನಗಲ್ಲ, ನಿನಗೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಪೇಟೆಯಲ್ಲಿ ನನ್ನನ್ನು ಯಾರೂ ಪಿಲ್‌ನಾಮ್ ಎಂದು ಕರೆದವರಿಲ್ಲ, ಯುರಿಮ್ ಅಮ್ಮ ಎಂದೇ ಕರೆದದ್ದು. ಆ ಹೆಸರನ್ನು ನೀನು ಬಿಟ್ಟುಕೊಟ್ಟಿದ್ದೀ. ನಾನು ಇನ್ನೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ.

ಸುದ್ದಿ ನನಗಿಂತ ಮುಂಚೆ ಓಕ್‌ಬುನ್‌ಳನ್ನು ತಲುಪಿತ್ತು. “ಊರಿಗೆ ಸುಳ್ಳು ಹೇಳ್ದೆ ಸರಿ, ನನಗೂ? ಒಂದೂವರೆ ವರ್ಷ! ನಿನ್ನ ಮಗಳಿಗೆ ಸೆಖೆ ಆಗ್ತದೇಂತ ನಾನು ಬೀಸಣಿಗೆ ಬೇರೆ ಕೊಟ್ಟಿದ್ದೆ, ಕಳಿಸು ಅಂತ!” ಎಂದು ಕೂಗಾಡಿ ಹೋದವಳು ಎರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಬೀಸಣಿಗೆ ನನ್ನ ಡ್ರಾಯರಿನಲ್ಲಿದೆ. ಸೋಮವಾರ ಮಧ್ಯಾಹ್ನ ಹೊಸ ಕಿಮ್ಚಿಯ ಡಬ್ಬಿ ಹಿಡಿದು ಬಂದು, “ಪಕ್ಕೆಲುಬು ಉಳಿದಿದ್ಯಾ?” ಎಂದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪೇಪರು ಹಾಸಿ ಇಬ್ಬರೂ ತಿಂದೆವು. ಅವಳು ಎಲುಬು ಚೀಪುತ್ತಾ, “ಅಲ್ಲಿ ಏನು ತಿಂತಾಳೆ ಕೂಸು?” ಎಂದು ಕೇಳಿದಳು. ಅನ್ನ, ಸೊಪ್ಪು, ಸಾರು ಎಂದೆ. “ಹೊಟ್ಟೆ ತುಂಬ ಕೊಡ್ತಾರಾ?” ಗೊತ್ತಿಲ್ಲ ಎಂದೆ. “ಗೊತ್ತಿಲ್ದಿದ್ರೆ ಪತ್ರ ಬರೆದು ಕೇಳು. ಕೈ ಬಿದ್ದುಹೋಗಿದ್ಯಾ?” ಎಂದಳು. ಕಣ್ಣು ಒರೆಸಿಕೊಂಡಳು, ಮೆಣಸಿನಪುಡಿ ಹತ್ತಿದ ಕೈಯಲ್ಲಿ, ಆಮೇಲೆ ಅದಕ್ಕೆ ಕಿರುಚಿಕೊಂಡಳು. ಬಹಳ ದಿನದ ಮೇಲೆ ನಕ್ಕೆ.

ಅದಕ್ಕೇ ಬರೆಯುತ್ತಿದ್ದೇನೆ. ಹೊಟ್ಟೆ ತುಂಬ ಕೊಡುತ್ತಾರಾ?

ಜೊತೆಗಿರುವ ಪೊಟ್ಟಣದಲ್ಲಿ ಹತ್ತಿ ತುಂಬಿದ ತೋಳಿಲ್ಲದ ಅಂಗಿ ಇದೆ. ಬೂದುಬಣ್ಣ ನಿಯಮಕ್ಕೆ ಸರಿಹೊಂದುವಂಥದ್ದೇ, ವಿಚಾರಿಸಿ ತಂದೆ. ಅಳತೆ ಹಳೆಯದು. ಸೊರಗಿದ್ದರೆ ಪಕ್ಕದ ಹೊಲಿಗೆಯನ್ನು ಒಳಕ್ಕೆ ತೆಗೆದುಕೊ, ಬಿಗಿಯಾದರೆ ಬಿಚ್ಚಿಕೊ, ಬಟ್ಟೆ ಬಿಟ್ಟಿದ್ದೇನೆ. ದೀಕ್ಷೆಯ ದಿನ ಮಂಡಿನೋವಿನಿಂದ ಬರಲಾಗಲಿಲ್ಲ ಎಂದು ಹೇಳಿಕಳಿಸಿದ್ದೆನಲ್ಲ, ಆ ದಿನ ಮಂಡಿ ಚೆನ್ನಾಗಿಯೇ ಇತ್ತು.

ನಿನಗೆ ಆಶೀರ್ವಾದ ಮಾಡಬೇಕೋ, ನಿನ್ನಿಂದ ಬೇಡಬೇಕೋ ಗೊತ್ತಾಗುವುದಿಲ್ಲ. ಗೊತ್ತಾಗುವವರೆಗೆ ನನ್ನದನ್ನೇ ಇಟ್ಟುಕೊ. ಕಾಲು ಬೆಚ್ಚಗಿರಲಿ. ಕೆಮ್ಮು ಬರದಿರಲಿ. ನೀನು ಹುಡುಕಿಕೊಂಡು ಹೋದದ್ದು ನಿನಗೆ ಸಿಗಲಿ, ಸಿಕ್ಕಿತೆಂದು ನನಗೂ ಒಂದು ಸಾಲು ಬರೆಯುವಷ್ಟು ಬಿಡುವು ಇರಲಿ.

ನಿನ್ನ ಅಮ್ಮ,
ಪಿಲ್‌ನಾಮ್

ಮರುಬರಹ: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೂರನೆಯ ಪತ್ರದಲ್ಲಿ ಇದೇ ಇತ್ತು, ಅದಕ್ಕೇ ಹರಿದದ್ದು.

ಸೋಮವಾರ ಓಕ್‌ಬುನ್ ಇನ್ನೊಂದು ಮಾತನ್ನೂ ಕೇಳಿದಳು. ಈ ಯಂತ್ರದಲ್ಲಿ ಮೊದಲು ಪಕ್ಕೆಲುಬು ಮಾಡಿದ್ದು ನೀನೇ ಎಂದು ನನ್ನ ಬಾಯಿಂದ ಜಾರಿತ್ತು. “ಯುರಿಮ್ ಮಾಡಿದ್ದೂ ಹಿಂಗೇ ಮೆತ್ತಗಿತ್ತಾ?” ಹೌದು ಎಂದೆ. ಅದು ಹೇಗಿತ್ತೋ ನನಗೆ ಗೊತ್ತೇ ಇಲ್ಲ. ನೀನು ಹೊರಡುವ ಹಿಂದಿನ ದಿನ ಆ ಯಂತ್ರವನ್ನು ಎದೆಗವಚಿಕೊಂಡು ಬಸ್ಸಿನಿಂದ ಇಳಿದೆ. ಬಂದಾಗಿನಿಂದ ನಿಂತು ಪಕ್ಕೆಲುಬು ಮಾಡಿದೆ. ತಟ್ಟೆ ನನ್ನ ಮುಂದಿಟ್ಟ ಮೇಲೆ ನೀನು ಸನ್ಯಾಸದ ವಿಷಯ ಹೇಳಿದೆ. ನಾನು ತಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿ ಕಸದ ಡಬ್ಬಕ್ಕೆ ಸುರಿದೆ. ನೀನು ನನ್ನ ಹಿಂದೆಯೇ ಬರಿಗಾಲಲ್ಲಿ ಇಳಿದು ಬಂದು, “ಒಂದು ತುಂಡು ತಿನ್ನು ಅಮ್ಮ, ನಾನು ಇನ್ನು ಇದನ್ನ ಮುಟ್ಟೋಕಾಗಲ್ಲ,” ಎಂದೆ. ನಾನು ಡಬ್ಬದ ಮುಚ್ಚಳ ಹಾಕಿದೆ. ನೀನು ಮೇಲೆ ಹೋಗಿ ಯಂತ್ರ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಟೇಪು ಹಚ್ಚಿದೆ. ಬೆಳಿಗ್ಗೆ ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಎಚ್ಚರವಾಗಿದ್ದೆ.

ಇಲ್ಲಿಯವರೆಗೆ ಏಳು ಸಲ ಮಾಡಿದ್ದೇನೆ. ಪ್ರತಿ ಸಲ ಬಾಯಿಗಿಟ್ಟಾಗ ಇದು ಅದೇ ರುಚಿಯೇ ಎಂದು ಕೇಳಿಕೊಳ್ಳುತ್ತೇನೆ. ನೀನು ಅದಕ್ಕೆ ಏನೇನು ಹಾಕಿದ್ದೆ, ಯುರಿಮ್? ಬರೆಯುವುದು ನಿನ್ನ ವ್ರತಕ್ಕೆ ಮುಳುವಾದರೆ ಬೇಡ. ಎಷ್ಟು ನಿಮಿಷ ಎಂದಾದರೂ ಬರೆ.